ಸಹಿ ಹಾಕುವ ಮುನ್ನ

ಮಲೆನಾಡಿನ ಅಡಿಕೆ ಬೆಳೆಗಾರರ ಸಹಕಾರ ಮಾರಾಟ ಸಂಘವೊಂದರ ಕಾರ್ಯದರ್ಶಿಗೂ, ಕಡತಗಳ ನಡುವೆಯೇ ಆಯುಷ್ಯದ ಬಹುಭಾಗವನ್ನು ಕಳೆದು ಸರ್ಕಾರಿ ಸೇವೆಯಿಂದ ನಿವೃತ್ತರಾದ ಹಿರಿಯರೊಬ್ಬರಿಗೂ ನಡೆದ ಸಂವಾದವಿದು. ಸಂಘದ ಗುಮಾಸ್ತರು ಸಿದ್ಧಪಡಿಸಿ ಸಹಿಗೆಂದು ಮುಂದಿರಿಸಿದ ಪತ್ರದ ಕರಡೊಂದು ಮಾತಿಗೆ ಕಾರಣವಾಯಿತು.

ಕಾರ್ಯದರ್ಶಿ: ಸ್ವಾಮಿ, ತಾವು ಈ ಕರಡನ್ನು ಒಮ್ಮೆ ನೋಡಿಕೊಡಬೇಕು. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ನಮ್ಮಿಂದ 80 ಚೀಲ ರಾಶಿ ಅಡಿಕೆಯನ್ನು ಕೊಂಡಿದ್ದರು. ಅವುಗಳ ಪೈಕಿ 12 ಚೀಲಗಳಿಗೆ ಬೂಷ್ಟು ಹಿಡಿದಿದೆಯೆಂದೂ ಬೆಲೆಯಲ್ಲಿ ವಜಾ ಮಾಡಿಕೊಡಬೇಕೆಂದೂ ಈಗ ಬರೆದಿದ್ದಾರೆ. ಅದಕ್ಕೆ ನಮ್ಮ ಗುಮಾಸ್ತರ ಉತ್ತರ ಹೀಗಿದೆ: ‘ಮಾನ್ಯರೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಉಲ್ಲೇಖಿತ ಪತ್ರದಲ್ಲಿ ಪ್ರಸ್ತಾಪಿಸಲಾದ ಸದರಿ ಸರಕಿನ ಗುಣಮಟ್ಟದ ಬಗೆಗಿನ ಆಕ್ಷೇಪಣೆಯನ್ನು ಸಂಘವು ಗಂಭೀರವಾಗಿ ಪರಿಗಣಿಸಿದ್ದು, ಈ ಬಗ್ಗೆ ಸಂಬಂಧಪಟ್ಟವರಿಂದ ಅಗತ್ಯ ಮಾಹಿತಿಯನ್ನು ಪಡೆದುಕೊಳ್ಳಲಾಗುತ್ತಿದ್ದು, ಮಾಹಿತಿ ಬಂದ ಕೂಡಲೆ ಸೂಕ್ತ ಕ್ರಮ ಕೈಗೊಳ್ಳಲಾಗುವುದೆಂದು ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುತ್ತೇವೆ.’ ವ್ಯಾಕರಣದಲ್ಲಿ ತಪ್ಪಿಲ್ಲ, ವಿನಯಕ್ಕೆ ಕೊರತೆಯಿಲ್ಲ. ಆದರೂ ಸಹಿ ಹಾಕಲು ಕೈ ಬರುತ್ತಿಲ್ಲ. ಕೊರತೆ ಎಲ್ಲಿದೆಯೆಂದು ಗುಮಾಸ್ತರಿಗೆ ತಿಳಿಯಹೇಳುವುದಕ್ಕೂ ಆಗುತ್ತಿಲ್ಲ.

ಹಿರಿಯರು: ಈ ಪತ್ರವನ್ನು ನಿಮ್ಮ ಮೇಜಿನ ಮುಂದೆ ಓದಬೇಡಿ, ಹುಬ್ಬಳ್ಳಿಯ ಆ ಮಳಿಗೆಯಲ್ಲಿ, ಬೂಷ್ಟು ಹಿಡಿದ ಚೀಲಗಳನ್ನು ಎದುರಿಗಿಟ್ಟುಕೊಂಡು, ಗಿರಾಕಿಗೆ ಏನು ಹೇಳಲೆಂದು ಚಿಂತಿಸುತ್ತ ಕುಳಿತವನ ಸ್ಥಾನದಲ್ಲಿ ನಿಂತು ಓದಿ. ಆ ಚೀಲಗಳನ್ನು ಆತನು ಮಾರಬಹುದೆ, ಬೇರೆಯಾಗಿಡಬೇಕೆ? ನೋಡಲು ಯಾರಾದರೂ ಬರುವರೆ? ಬರುವುದಾದರೆ ಎಂದಿಗೆ? ವಜಾ ದೊರೆಯುವುದೋ ಇಲ್ಲವೋ? ಕೆಡದೆ ಉಳಿದ 68 ಚೀಲಗಳ ಹಣವನ್ನು ಈಗಲೇ ಕಳುಹಬೇಕೆ, ತಗಾದೆ ತೀರುವವರೆಗೆ ತಡೆಹಿಡಿಯಬಹುದೆ? ಇಷ್ಟು ಪ್ರಶ್ನೆಗಳೊಡನೆ ಲಕೋಟೆಯನ್ನು ಒಡೆದವನು ಪತ್ರವನ್ನು ಮಡಿಸಿಡುವಾಗಲೂ ಅಷ್ಟೂ ಪ್ರಶ್ನೆಗಳನ್ನು ಹಾಗೆಯೇ ಇರಿಸಿಕೊಂಡಿರುತ್ತಾನೆ. ಹೆಚ್ಚಿಗೆ ತಿಳಿದದ್ದು ಒಂದೇ: ತನ್ನ ಪತ್ರವು ನಿಮಗೆ ತಲುಪಿದೆ.

ಕಾರ್ಯದರ್ಶಿ: ಆದರೆ ಆ ಪ್ರಶ್ನೆಗಳಿಗೆ ಉತ್ತರ ಗುಮಾಸ್ತರಿಗೂ ತಿಳಿಯದಲ್ಲವೆ? ತಿಳಿಯದಿದ್ದಾಗ ಇನ್ನೇನು ಬರೆಯಬೇಕಾಗಿತ್ತು?

ಹಿರಿಯರು: ಅಲ್ಲಿಯೇ ರೋಗದ ಮೂಲವಿರುವುದು. ನಿರ್ಧಾರವಾಗದೆ ಇದ್ದುದನ್ನು ಶಬ್ದಗಳಿಂದ ಮುಚ್ಚಿದ್ದಾರೆ. ‘ಪಡೆದುಕೊಳ್ಳಲಾಗುತ್ತಿದೆ’ ಎಂಬಲ್ಲಿ ಪಡೆದುಕೊಳ್ಳುವವರು ಯಾರು? ‘ಸಂಬಂಧಪಟ್ಟವರು’ ಎಂದರೆ ಗೋದಾಮಿನ ಮೇಲ್ವಿಚಾರಕರೋ, ಲಾರಿಯವರೋ? ‘ಸೂಕ್ತ ಕ್ರಮ’ ಎಂಬುದರೊಳಗೆ ವಜಾ ಕೊಡುವುದೂ ಅಡಗೀತು, ಕೊಡದೆ ಇರುವುದೂ ಅಡಗೀತು. ಕರ್ತೃವಿಲ್ಲದ ಕ್ರಿಯೆ, ತಾರೀಖಿಲ್ಲದ ಅವಧಿ, ಗುರುತಿಲ್ಲದ ವಸ್ತು, ಈ ಮೂರೂ ಒಂದೇ ವಾಕ್ಯದಲ್ಲಿ ಕೂಡಿದರೆ ಯಾರೂ ಯಾವುದಕ್ಕೂ ಹೊಣೆಯಲ್ಲದ ಪತ್ರ ಸಿದ್ಧವಾಗುತ್ತದೆ. ಇನ್ನು ‘ಸದರಿ ಸರಕು’ ಎಂದಿದ್ದಾರೆ. ನಿಮ್ಮ ಪೇಟೆಯಲ್ಲಿ ಬೆಟ್ಟೆ, ರಾಶಿ, ಗೊರಬಲುಗಳ ಜೊತೆಗೆ ಸರಕು ಎಂಬುದೂ ಅಡಿಕೆಯ ಒಂದು ಬಗೆಯೇ ಆಗಿರುವಾಗ, ರಾಶಿಯ ತಗಾದೆಗೆ ಬರೆದ ಉತ್ತರದಲ್ಲಿ ಆ ಮಾತನ್ನು ಬಳಸುವುದು ಇಲ್ಲದ ತೊಡಕನ್ನು ಕರೆತಂದಂತೆ. ವ್ಯವಹಾರದ ಪತ್ರವೆಂಬುದು ಒಂದು ಕಾರ್ಯ. ಅದನ್ನು ಬರೆದವನು ಬರೆದ ಮಾತಿಗೆ ಕಟ್ಟುಬೀಳಲು ಒಪ್ಪಿದ್ದಾನೆಯೇ ಇಲ್ಲವೇ ಎಂಬುದರ ಮೇಲೆ ಅದರ ಸ್ಪಷ್ಟತೆ ನಿಂತಿದೆಯೇ ಹೊರತು ಅವನ ಶಬ್ದಭಂಡಾರದ ಮೇಲಲ್ಲ.

ಕಾರ್ಯದರ್ಶಿ: ಕಟ್ಟುಬೀಳಬಾರದೆಂದೇ ಅಲ್ಲವೆ ಸ್ವಾಮಿ, ವ್ಯಾಪಾರಸ್ಥರೂ ಅಧಿಕಾರಿಗಳೂ ಹೀಗೆ ಬರೆಯುವುದು? ಬಾಯಿಮಾತು ಗಾಳಿಗೆ ಹೋದೀತು. ಬರಹ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಹಣದ ವಿಷಯದಲ್ಲಿ ಮಾತನ್ನು ಸ್ವಲ್ಪ ಸಡಿಲವಾಗಿಡುವುದು ಜಾಣತನವೆಂದು ನಮ್ಮ ಆಡಳಿತ ಮಂಡಳಿಯ ಹಳಬರೇ ಹೇಳುತ್ತಾರೆ.

ಹಿರಿಯರು: ಬರಹ ಮೆಟ್ಟಿಲೇರುತ್ತದೆಂಬುದು ದಿಟ, ಸಡಿಲಮಾತು ಅಲ್ಲಿ ರಕ್ಷಿಸುತ್ತದೆಂಬುದು ಭ್ರಮೆ. ಸಾಲದ ವಸೂಲಿಯ ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿಯುಂಟಷ್ಟೆ. ಆ ಅವಧಿ ತೀರುವುದಕ್ಕೆ ಮೊದಲೇ ಸಾಲಗಾರನು ತನ್ನ ಹೊಣೆಯನ್ನು ಒಪ್ಪಿ, ಸಹಿಯೊಡನೆ ಒಂದು ಸಾಲು ಬರೆದಿದ್ದರೂ ಸಾಕು, ಆ ದಿನದಿಂದ ಕಾಲಮಿತಿಯು ಹೊಸದಾಗಿ ಮೊದಲಾಗುತ್ತದೆಂದು 1963ರ ಕಾಲಮಿತಿ ಅಧಿನಿಯಮದ 18ನೆಯ ಕಲಮು ಹೇಳುತ್ತದೆ. ಹಕ್ಕಿನ ಸ್ವರೂಪ ಎಂಥದೆಂದು ನಿಖರವಾಗಿ ಬರೆಯದಿದ್ದರೂ, ಕೊಡುವ ಕಾಲ ಇನ್ನೂ ಬಂದಿಲ್ಲವೆಂದು ಸೇರಿಸಿದ್ದರೂ, ಕೊಡಲಾರೆವೆಂಬ ನಿರಾಕರಣೆಯೇ ಜೊತೆಯಲ್ಲಿದ್ದರೂ ಒಪ್ಪಿಗೆ ಒಪ್ಪಿಗೆಯೇ ಎಂದು ಅದೇ ಕಲಮಿನ ವಿವರಣೆ ಸ್ಪಷ್ಟಪಡಿಸಿದೆ. ‘ತಮ್ಮ ಬಾಕಿಯ ಬಗ್ಗೆ ಪರಿಶೀಲಿಸಲಾಗುತ್ತಿದೆ’ ಎಂದು ಯಾವುದಕ್ಕೂ ಸಿಕ್ಕದಂತೆ ಬರೆದೆನೆಂದು ಹಿಗ್ಗುವವನು, ಬಾಕಿಯುಂಟೆಂಬುದನ್ನು ಆ ಒಂದೇ ಸಾಲಿನಲ್ಲಿ ಒಪ್ಪಿಕೊಂಡೆನೆಂಬ ವಾದಕ್ಕೆ ತಾನೇ ಎಡೆಮಾಡಿಕೊಟ್ಟಿರುತ್ತಾನೆ.

ಕಾರ್ಯದರ್ಶಿ: ಹಾಗಾದರೆ ಅಸ್ಪಷ್ಟತೆ ಸಾಲಗಾರನನ್ನು ಕಾಯುವುದಿಲ್ಲ. ಮಾರುವವನನ್ನಾದರೂ ಕಾಯುತ್ತದೆಯೆ?

ಹಿರಿಯರು: ಅವನನ್ನೂ ಕಾಯದು. 1872ರ ಭಾರತೀಯ ಕರಾರು ಅಧಿನಿಯಮದ 29ನೆಯ ಕಲಮನ್ನು ನೋಡಿ. ಅರ್ಥ ಖಚಿತವಿಲ್ಲದ, ಖಚಿತಪಡಿಸಿಕೊಳ್ಳಲೂ ಬಾರದ ಕರಾರು ಅಸಿಂಧುವೆಂದು ಅದರ ತಾತ್ಪರ್ಯ. ಕಲಮಿನ ಕೆಳಗೆ ಶಾಸನಕಾರರು ಕೊಟ್ಟ ಉದಾಹರಣೆ ಶುದ್ಧ ಮಂಡಿಯ ಉದಾಹರಣೆ: ಒಬ್ಬನು ಇನ್ನೊಬ್ಬನಿಗೆ 100 ಟನ್ನು ಎಣ್ಣೆಯನ್ನು ಮಾರಲೊಪ್ಪಿದ, ಯಾವ ಎಣ್ಣೆಯೆಂದು ತಿಳಿಯುವ ಕುರುಹು ಎಲ್ಲಿಯೂ ಇಲ್ಲ, ಕರಾರು ನಿಲ್ಲದು. ಆದರೆ ಮಾರುವವನು ಕೊಬ್ಬರಿ ಎಣ್ಣೆಯನ್ನಲ್ಲದೆ ಬೇರೇನನ್ನೂ ಮಾರದ ವ್ಯಾಪಾರಿಯಾದರೆ ಅವನ ವ್ಯಾಪಾರವೇ ಕೊರತೆಯನ್ನು ತುಂಬುತ್ತದೆ, ಕರಾರು ನಿಲ್ಲುತ್ತದೆ. ಈ ಎರಡನ್ನೂ ಒಟ್ಟಿಗಿಟ್ಟು ನೋಡಿದರೆ, ಸಂದರ್ಭದಿಂದ ಓದುವವನಿಗೆ ತಾನಾಗಿಯೇ ತಿಳಿಯುವುದನ್ನು ಬರೆಯದೆ ಬಿಡಬಹುದೆಂಬುದೂ, ತಿಳಿಯದುದನ್ನು ಬಿಟ್ಟರೆ ಇಡೀ ಬರಹವೇ ವ್ಯರ್ಥವೆಂಬುದೂ ಮನದಟ್ಟಾಗುತ್ತದೆ. ಹಲವು ಬಗೆಯ ಅಡಿಕೆಯನ್ನು ಮಾರುವ ನಿಮ್ಮ ಸಂಘವು ‘100 ಚೀಲ ಅಡಿಕೆ’ ಎಂದಷ್ಟೇ ಬರೆಯುವುದು ಮೊದಲನೆಯವನ ಎಣ್ಣೆಯ ಹಾಗೆ ಆಗುವ ಸಂಭವವೇ ಹೆಚ್ಚು.

ಕಾರ್ಯದರ್ಶಿ: ಆದರೂ ನಾನು ಹಳಬರ ಪಕ್ಷವನ್ನು ಇನ್ನೂ ಬಿಟ್ಟಿಲ್ಲ. ಅಡಿಕೆಗೆ ತೇವ ತಗಲಿದ್ದು ನಮ್ಮ ಗೋದಾಮಿನಲ್ಲೋ ದಾರಿಯಲ್ಲೋ ನನಗೆ ತಿಳಿಯದು. ಈಗಲೇ ವಜಾ ಕೊಡುವೆನೆಂದರೆ ಸಂಘಕ್ಕೆ ನಷ್ಟ. ಕೊಡುವುದಿಲ್ಲವೆಂದರೆ ಗಿರಾಕಿ ತಪ್ಪುತ್ತಾನೆ. ಈ ಇಕ್ಕಟ್ಟಿನಲ್ಲಿ ಎಚ್ಚರಿಕೆಯ ಮಾತು ತಪ್ಪೆ?

ಹಿರಿಯರು: ಎಚ್ಚರಿಕೆ ತಪ್ಪಲ್ಲ, ಮಸಕು ತಪ್ಪು. ಎಚ್ಚರಿಕೆಯನ್ನು ಷರತ್ತಿನ ರೂಪದಲ್ಲಿ ಹೇಳಬೇಕು. ಷರತ್ತಿಗೆ ಅಂಚು ಉಂಟು, ಹೀಗಾದರೆ ಇದು, ಹಾಗಾದರೆ ಅದು ಎಂದು ಎರಡು ದಾರಿಗಳನ್ನು ತೋರಿಸಿ, ಯಾವ ದಾರಿಯೆಂಬುದನ್ನು ಯಾರು ಎಂದಿಗೆ ನಿರ್ಣಯಿಸುವರೆಂದು ಹೇಳುತ್ತದೆ. ಕಾಗದ ತೆಗೆದುಕೊಳ್ಳಿ, ಹೇಳುತ್ತೇನೆ: ‘ರಾಶಿ ಅಡಿಕೆಯ 80 ಚೀಲಗಳ ಪೈಕಿ 12ರಲ್ಲಿ ಬೂಷ್ಟು ಕಂಡಿದೆಯೆಂದು ತಾವು 4ನೆಯ ತಾರೀಖು ಬರೆದ ಪತ್ರ ತಲುಪಿತು. ದಯವಿಟ್ಟು ಆ ಚೀಲಗಳನ್ನು ಮಾರದೆ ಬೇರೆಯಾಗಿಡಿರಿ. ನಮ್ಮ ಗೋದಾಮಿನ ಮೇಲ್ವಿಚಾರಕರು 18ನೆಯ ತಾರೀಖು ತಮ್ಮ ಮಳಿಗೆಗೆ ಬಂದು, ತಮ್ಮ ಸಮಕ್ಷಮದಲ್ಲಿ ಚೀಲಗಳನ್ನು ಬಿಚ್ಚಿಸಿ ನೋಡುವರು. ಅಡಿಕೆಯು ಇಲ್ಲಿಂದ ಹೊರಡುವಾಗಲೇ ಸಾಕಷ್ಟು ಒಣಗಿರಲಿಲ್ಲವೆಂದು ಕಂಡುಬಂದರೆ ಆ 12 ಚೀಲಗಳ ಪೂರ್ಣ ಬೆಲೆಯನ್ನು ವಜಾ ಮಾಡಿಕೊಡುವೆವು. ದಾರಿಯಲ್ಲಿ ನೆನೆದದ್ದೆಂದು ಕಂಡುಬಂದರೆ, ಲಾರಿಯವರಿಂದ ಪರಿಹಾರ ಕೇಳಲು ತಮಗೆ ಬೇಕಾಗುವ ತೂಕದ ಚೀಟಿಯನ್ನೂ ರವಾನೆಯ ರಸೀದಿಯನ್ನೂ ಒದಗಿಸುವೆವು. ತಕರಾರಿಲ್ಲದ 68 ಚೀಲಗಳ ಹಣವನ್ನು ಮಾತಾದಂತೆ 25ನೆಯ ತಾರೀಖಿನೊಳಗೆ ಕಳುಹಿಸಬೇಕಾಗಿ ಕೋರಿಕೆ.’ ಇದರಲ್ಲಿ ಸಂಘವು ಕಾಸನ್ನೂ ಬಿಟ್ಟುಕೊಟ್ಟಿಲ್ಲ. ಆದರೂ ವ್ಯಾಪಾರಿಯು ಇಂದೇ ಮಾಡಬೇಕಾದುದೇನು, 18ಕ್ಕೆ ನಡೆಯುವುದೇನು, 25ಕ್ಕೆ ಕೊಡಬೇಕಾದುದೇನು ಎಂಬುದರಲ್ಲಿ ಸಂಶಯ ಉಳಿದಿಲ್ಲ.

ಕಾರ್ಯದರ್ಶಿ: ಇದನ್ನು ಬರೆಯಬೇಕಾದರೆ ಮೇಲ್ವಿಚಾರಕರನ್ನು ಕರೆದು 18ಕ್ಕೆ ಹೋಗುವರೆ ಎಂದು ಕೇಳಬೇಕು, ವಜಾದ ವಿಷಯದಲ್ಲಿ ಅಧ್ಯಕ್ಷರ ಒಪ್ಪಿಗೆಯನ್ನು ಪಡೆಯಬೇಕು. ಗುಮಾಸ್ತರ ಕರಡಿಗೆ ಅದಾವುದೂ ಬೇಕಾಗಿರಲಿಲ್ಲ.

ಹಿರಿಯರು: ಸರಿಯಾಗಿ ಹಿಡಿದಿರಿ. ಅಸ್ಪಷ್ಟ ಪತ್ರವನ್ನು ಕೂತಲ್ಲಿಯೇ ಬರೆಯಬಹುದು. ಸ್ಪಷ್ಟ ಪತ್ರಕ್ಕೆ ಮೊದಲು ಕುರ್ಚಿಯಿಂದ ಎದ್ದು ನಾಲ್ಕು ಜನರನ್ನು ಕೇಳಬೇಕಾಗುತ್ತದೆ. ಆದುದರಿಂದಲೇ, ಬರವಣಿಗೆಯನ್ನು ತಿದ್ದುತ್ತೇವೆಂದು ಹೊರಟವರು ಶಬ್ದಗಳನ್ನು ಮಾತ್ರ ತಿದ್ದಿದರೆ ಏನೂ ಸಾಧಿಸಿದಂತಾಗದು; ಶಬ್ದದ ಹಿಂದೆ ಇರಬೇಕಾದ ನಿರ್ಧಾರ ಇದೆಯೇ ಎಂದು ಮೊದಲು ನೋಡಬೇಕು.

ಕಾರ್ಯದರ್ಶಿ: ಒಂದು ಶಂಕೆ. ಹಳೆಯ ಕಾಲದ ವ್ಯಾಪಾರಿಗಳು ಇಷ್ಟೆಲ್ಲ ಶಾಸ್ತ್ರವನ್ನು ಓದಿದವರಲ್ಲ. ಹುಂಡಿಯ ಮೇಲೆ ನಂಬಿಕೆಯಿಟ್ಟು ಊರೂರಿಗೆ ಹಣ ಸಾಗಿಸಿದರು. ಅವರ ಒಕ್ಕಣೆಯಲ್ಲಿ ಶ್ರೀಕಾರ, ಕ್ಷೇಮಸಮಾಚಾರ, ರಾಮರಾಮಗಳೇ ಅರ್ಧದಷ್ಟು ಇರುತ್ತಿದ್ದುವಲ್ಲ!

ಹಿರಿಯರು: ಇದ್ದುವು, ಆದರೆ ಉಪಚಾರ ಮುಗಿದು ಹಣದ ಮಾತು ಬಂದೊಡನೆ ಅವರ ಎಚ್ಚರವನ್ನು ಗಮನಿಸಿ. 1000 ರೂಪಾಯಿಯ ಹುಂಡಿಯಾದರೆ ಅಂಕಿಯಲ್ಲಿ 1000 ಎಂದು ಬರೆದರು. ಅಕ್ಷರದಲ್ಲಿ ಸಾವಿರವೆಂದು ಬರೆದರು. ಅಷ್ಟಕ್ಕೆ ತೃಪ್ತರಾಗದೆ, ಅದರ ಅರ್ಧ 500, ಆ 500ರ ಇಮ್ಮಡಿ ಸಲ್ಲತಕ್ಕದ್ದು ಎಂದೂ ಸೇರಿಸಿದರು. ಒಂದು ಸೊನ್ನೆಯನ್ನು ಮೋಸಗಾರನು ಕೂಡಿಸಹೋದರೆ ಉಳಿದ ಲೆಕ್ಕವೆಲ್ಲ ಎದ್ದುನಿಂತು ಸಾಕ್ಷಿ ಹೇಳುತ್ತಿತ್ತು. ಕಂಡ ಕೂಡಲೆ ಕೊಡತಕ್ಕದ್ದು ದರ್ಶನಿ ಹುಂಡಿ, ಗೊತ್ತಾದ ಅವಧಿಯ ಮೇಲೆ ಕೊಡತಕ್ಕದ್ದು ಮುದ್ದತಿ ಹುಂಡಿ. ಎರಡರ ನಡುವೆ ‘ಆದಷ್ಟು ಬೇಗ ಕೊಡತಕ್ಕ’ ಹುಂಡಿಯೆಂಬುದು ಇರಲಿಲ್ಲ. ಕ್ಷೇಮಸಮಾಚಾರದಲ್ಲಿ ಧಾರಾಳ, ಕೊಡುಕೊಳ್ಳುವಿಕೆಯಲ್ಲಿ ನಿಖರತೆ, ಇದು ಅವರ ಪದ್ಧತಿಯಾಗಿತ್ತು. ನಮ್ಮ ಕಚೇರಿಗಳಲ್ಲಿ ಅದು ತಿರುಗುಮುರುಗಾಗಿದೆ: ಉಲ್ಲೇಖದ ಸಂಖ್ಯೆ, ಪುಟ, ಕಡತದ ಗುರುತು ಇವೆಲ್ಲ ನಿಖರ, ಮಾಡತಕ್ಕ ಕೆಲಸವೊಂದು ಮಾತ್ರ ಧಾರಾಳ.

ಕಾರ್ಯದರ್ಶಿ: ಉಪಚಾರದ ಮಾತು ಬಂದುದರಿಂದ ಕೇಳುತ್ತೇನೆ. ತಾವು ಹೇಳಿದ ಪತ್ರ ಸ್ವಲ್ಪ ಬಿರುಸಾಗಲಿಲ್ಲವೆ? ಈಚೆಗೆ ಇ-ಮೇಲು, ವಾಟ್ಸಾಪುಗಳಲ್ಲಿ ಎರಡು ಸಾಲು ಬರೆದು ಕಳುಹುವ ಅಭ್ಯಾಸದಿಂದ ಮರ್ಯಾದೆಯೇ ಮಾಯವಾಗುತ್ತಿದೆಯೆಂದು ನಮ್ಮ ಹಿರಿಯ ಸದಸ್ಯರು ನೊಂದುಕೊಳ್ಳುತ್ತಾರೆ.

ಹಿರಿಯರು: ನೋವು ನ್ಯಾಯವಾದುದೇ. ‘ತಾವು’ ಎಂಬುದನ್ನು, ‘ದಯವಿಟ್ಟು’ ಎಂಬುದನ್ನು ನಾನು ತೆಗೆದುಹಾಕಲಿಲ್ಲ. ಬರೆಯುವಾತನು ಓದುವಾತನ ಕಾಲವನ್ನು ವ್ಯರ್ಥಮಾಡದಿರುವುದು ಗೌರವದ ಮೊದಲನೆಯ ಅಂಗ; ಅಹಿತವಾದ ವಾರ್ತೆಯನ್ನು ಸುತ್ತಿಬಳಸದೆ, ಕಾರಣದೊಡನೆ, ತನ್ನ ಹೆಸರಿನಲ್ಲಿಯೇ ಹೇಳುವುದು ಎರಡನೆಯದು. ನಿಮ್ಮ ಸದಸ್ಯನೊಬ್ಬನ ಸಾಲದ ಅರ್ಜಿ ತಿರಸ್ಕೃತವಾಯಿತೆನ್ನಿ. ‘ತಮ್ಮ ಅರ್ಜಿಯನ್ನು ಪುರಸ್ಕರಿಸಲು ಅವಕಾಶವಿರುವುದಿಲ್ಲವೆಂದು ತಿಳಿಸಲು ವಿಷಾದಿಸಲಾಗಿದೆ’ ಎಂದರೆ ಆ ವಿಷಾದವು ಯಾರದೆಂದೂ ತಿಳಿಯದು. ‘ಹಿಂದಿನ ಸಾಲದ ಎರಡು ಕಂತುಗಳು ಬಾಕಿಯಿರುವುದರಿಂದ ಈ ಸಲ ಮಂಜೂರು ಮಾಡಲಾಗಲಿಲ್ಲ, ಅವನ್ನು ಮಾರ್ಚಿನೊಳಗೆ ಕಟ್ಟಿದರೆ ಏಪ್ರಿಲ್ ಸಭೆಯಲ್ಲಿ ಅರ್ಜಿಯನ್ನು ಮತ್ತೆ ತೆಗೆದುಕೊಳ್ಳುತ್ತೇವೆ’ ಎಂದರೆ, ಇಲ್ಲವೆನ್ನಿಸಿಕೊಂಡವನೂ ಮುಂದಿನ ದಾರಿಯನ್ನು ಕಾಣುತ್ತಾನೆ. ಎರಡರಲ್ಲಿ ಮರ್ಯಾದೆ ಯಾವುದರಲ್ಲಿ ಹೆಚ್ಚೆಂದು ಆತನನ್ನೇ ಕೇಳಿ.

ಕಾರ್ಯದರ್ಶಿ: ಪತ್ರದ ಮಾತು ಆಯಿತು. ನನಗೆ ಅದಕ್ಕಿಂತಲೂ ಭಾರವಾಗಿರುವುದು ವರದಿ. ಗೋದಾಮನ್ನು ವಿಸ್ತರಿಸಬೇಕೆ ಎಂಬ ಬಗ್ಗೆ ಆಡಳಿತ ಮಂಡಳಿಗೆ ವರದಿಯನ್ನು ಸಲ್ಲಿಸಬೇಕಾಗಿದೆ. ಸಂಘದ ಸ್ಥಾಪನೆಯಿಂದ ತೊಡಗಿ, ಅಡಿಕೆಯ ಮಹತ್ತ್ವ, ಆವಕದ ಅಂಕಿಅಂಶ, ಬಾಡಿಗೆ, ಕಟ್ಟಡದ ಅಂದಾಜು ಎಲ್ಲವನ್ನೂ ಕ್ರಮವಾಗಿ ವಿವರಿಸಿ, ಕೊನೆಯ ಪುಟದಲ್ಲಿ ನನ್ನ ಶಿಫಾರಸನ್ನು ಇಡಬೇಕೆಂದಿದ್ದೇನೆ. ಓದುವವರು ನನ್ನೊಡನೆ ಹೆಜ್ಜೆಹಾಕಿ ನಾನು ಮುಟ್ಟಿದ ನಿರ್ಣಯವನ್ನೇ ಮುಟ್ಟಲೆಂದು ಈ ಕ್ರಮ.

ಹಿರಿಯರು: ನಿಮ್ಮ ಮಂಡಳಿಯ ಸದಸ್ಯರು ತೋಟದ ಕೆಲಸ ಮುಗಿಸಿ ಸಂಜೆಯ ಸಭೆಗೆ ಬರುವವರು. ಅವರು ಕೊನೆಯ ಪುಟವನ್ನೇ ಮೊದಲು ತಿರುವುತ್ತಾರೆ. ಅದನ್ನು ತಿಳಿದ ಮೇಲೂ ಕೊನೆಯಲ್ಲಿಡುವುದೇಕೆ? ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ರಾಜಶಾಸನಗಳ ಲೇಖನಕ್ಕೆಂದೇ ಮೀಸಲಾದ ಅಧ್ಯಾಯವೊಂದುಂಟು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದ ತಾಳೆಗರಿಯ ಪ್ರತಿಯಿಂದ 1909ರಲ್ಲಿ ಅಚ್ಚಾಗಿ ಲೋಕಕ್ಕೆ ಗೋಚರವಾದ ಗ್ರಂಥವದು. ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ ಎಂದು ಲೇಖದ ಆರು ಸಂಪತ್ತುಗಳನ್ನು ಅಲ್ಲಿ ಎಣಿಸಿದೆ. ಮೊದಲನೆಯದಾದ ಅರ್ಥಕ್ರಮಕ್ಕೆ ಅವನು ಕೊಡುವ ಲಕ್ಷಣದಲ್ಲಿ, ಪ್ರಧಾನವಾದ ವಿಷಯವನ್ನು ಮೊದಲು ನಿಲ್ಲಿಸುವುದೆಂಬ ಅಂಶ ಸೇರಿದೆ. ಕೊರತೆಯೂ ಆಗದೆ ಹೆಚ್ಚೂ ಆಗದೆ ಇರುವುದು ಪರಿಪೂರ್ಣತೆಯೆಂದೂ, ಪ್ರಸಿದ್ಧವಾದ ಶಬ್ದಗಳನ್ನು ಬಳಸುವುದು ಸ್ಪಷ್ಟತ್ವವೆಂದೂ ಹೇಳಿ, ಪರಸ್ಪರ ವಿರೋಧ, ಪುನರುಕ್ತಿ, ಅಪಶಬ್ದ ಮೊದಲಾದವನ್ನು ದೋಷಗಳಲ್ಲಿ ಸೇರಿಸಿದ್ದಾನೆ.

ಕಾರ್ಯದರ್ಶಿ: ಅದು ಅರಸನ ಆಜ್ಞೆಗೆ ಹೇಳಿದ ಮಾತಾಯಿತು. ಅರಸನು ಕಾರಣ ಕೊಡಬೇಕಾಗಿಲ್ಲ. ನಾನು ಕೆಳಗಿನಿಂದ ಮೇಲಕ್ಕೆ ಬರೆಯುವವನು; ಕಾರಣವನ್ನು ಹೇಳದೆ ನಿರ್ಣಯವನ್ನು ಮುಂದಿಟ್ಟರೆ ಉದ್ಧಟತನವೆನ್ನಿಸೀತು.

ಹಿರಿಯರು: ಮೇಲಿರುವವರ ಬೇಡಿಕೆಯೂ ಇದೇ ಆಗಿತ್ತೆಂಬುದಕ್ಕೆ ಬೇರೊಂದು ದೃಷ್ಟಾಂತ ಹೇಳುತ್ತೇನೆ. 1940ರ ಆಗಸ್ಟ್ 9ರಂದು, ಜರ್ಮನಿಯ ವಿಮಾನಗಳು ಬ್ರಿಟನ್ನಿನ ಮೇಲೆ ಎರಗುತ್ತಿದ್ದ ದಿನಗಳಲ್ಲಿ, ಪ್ರಧಾನಿ ಚರ್ಚಿಲನು ತನ್ನ ಮಂತ್ರಿಗಳಿಗೂ ಅವರ ಇಲಾಖೆಗಳಿಗೂ ಒಂದು ಟಿಪ್ಪಣಿಯನ್ನು ಕಳುಹಿಸಿದ. ಅದರ ವಿಷಯ ಯುದ್ಧವಲ್ಲ, ವರದಿಗಳ ಉದ್ದ. ಮುಖ್ಯಾಂಶಗಳನ್ನು ಚಿಕ್ಕ ಚಿಕ್ಕ ಪ್ಯಾರಾಗಳಲ್ಲಿ ಹೇಳಿರೆಂದೂ, ತೊಡಕಾದ ವಿಶ್ಲೇಷಣೆಯನ್ನೂ ಅಂಕಿಅಂಶಗಳನ್ನೂ ಅನುಬಂಧಕ್ಕೆ ಹಾಕಿರೆಂದೂ, ಎಷ್ಟೋ ವೇಳೆ ಬರಿಯ ತಲೆಬರಹಗಳ ಪಟ್ಟಿಯೊಂದನ್ನು ಕೊಟ್ಟು ಉಳಿದದ್ದನ್ನು ಬಾಯಿಂದ ವಿವರಿಸಿದರೆ ಸಾಕೆಂದೂ ಅದರಲ್ಲಿ ಸೂಚಿಸಿದ್ದ. ಕಾರಣವನ್ನು ಬಿಡಿರೆಂದು ಆತನು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಮೊದಲ ಪುಟದಲ್ಲಿ ನಾಲ್ಕು ಮಾತು ಇರಲಿ: ಏನು ಮಾಡಬೇಕೆನ್ನುತ್ತೀರಿ, ಏಕೆ, ಎಷ್ಟು ಹಣ, ಮಾಡದಿದ್ದರೆ ಏನಾಗುವುದು. ಅದನ್ನು ಓದಿದವನಿಗೆ ಎಲ್ಲಿ ಸಂಶಯ ಹುಟ್ಟುತ್ತದೆಯೋ ಅಲ್ಲಿಗೆ ನೇರವಾಗಿ ಹೋಗಲು ದಾರಿ ಸಿಗುತ್ತದೆ. ಬಾಡಿಗೆಯ ಮೇಲೆ ಸಂಶಯವಿದ್ದವನು ಬಾಡಿಗೆಯ ಪುಟವನ್ನೂ, ಕಟ್ಟಡದ ಅಂದಾಜಿನ ಮೇಲೆ ಸಂಶಯವಿದ್ದವನು ಅಂದಾಜಿನ ಪುಟವನ್ನೂ ತೆರೆಯುತ್ತಾನೆ. ನಿರ್ಣಯವನ್ನು ಬಚ್ಚಿಟ್ಟು ನಡೆಸಿಕೊಂಡು ಹೋದರೆ ಓದುವವನು ಯಾವುದನ್ನು ಪರೀಕ್ಷಿಸಬೇಕೆಂದೇ ತಿಳಿಯದೆ ಬಳಲುತ್ತಾನೆ. ಸಂಘದ ಸ್ಥಾಪನೆಯ ಚರಿತ್ರೆ ಅವರಿಗೆಲ್ಲ ತಿಳಿದದ್ದೇ. ಅದನ್ನು ಮಹಾಸಭೆಗೆ ಇರಿಸಿಕೊಳ್ಳಿ.

ಕಾರ್ಯದರ್ಶಿ: ಅಂಕಿಅಂಶಗಳ ಬಗ್ಗೆ ನನಗೆ ಧೈರ್ಯವಿದೆ. ‘ಆವಕವು ಶೇಕಡಾ 20ರಷ್ಟು ಹೆಚ್ಚಿದೆ’ ಎಂಬ ಒಂದು ವಾಕ್ಯವೇ ಗೋದಾಮು ಸಾಲದೆಂಬುದನ್ನು ಸಿದ್ಧಪಡಿಸುತ್ತದೆ.

ಹಿರಿಯರು: ಆ ವಾಕ್ಯವು ಏನನ್ನೂ ಸಿದ್ಧಪಡಿಸದು. ಹೆಚ್ಚಿದ್ದು ಚೀಲಗಳ ಸಂಖ್ಯೆಯೋ, ಕ್ವಿಂಟಾಲಿನ ತೂಕವೋ, ರೂಪಾಯಿಯ ಮೌಲ್ಯವೋ? ಬೆಲೆ ಏರಿದ ವರ್ಷ ಅಡಿಕೆಯು ಒಂದು ಚೀಲವೂ ಹೆಚ್ಚದೆ ಮೌಲ್ಯ ಹೆಚ್ಚೀತು. ಮೌಲ್ಯಕ್ಕೆ ಗೋದಾಮು ಬೇಡ, ಚೀಲಕ್ಕೆ ಬೇಕು. ಯಾವುದಕ್ಕಿಂತ ಹೆಚ್ಚಿದ್ದು? ಕೊಯ್ಲು ಒಣಗಿ ಬರುವ ತಿಂಗಳನ್ನು ಮಳೆಗಾಲದ ತಿಂಗಳೊಡನೆ ಹೋಲಿಸಿದರೆ ಪ್ರತಿವರ್ಷವೂ ಅದ್ಭುತವಾದ ವೃದ್ಧಿಯೇ ಕಾಣುತ್ತದೆ. ಜನವರಿಯನ್ನು ಹಿಂದಿನ ಜನವರಿಯೊಡನೆ ಹೋಲಿಸಬೇಕು. ಮತ್ತು ಗೋದಾಮಿನ ಪ್ರಶ್ನೆಯಲ್ಲಿ ವರ್ಷದ ಒಟ್ಟು ಆವಕಕ್ಕಿಂತ, ಒಂದೇ ದಿನ ಒಳಗಿದ್ದ ಚೀಲಗಳ ಅತಿ ಹೆಚ್ಚಿನ ಸಂಖ್ಯೆ ಮುಖ್ಯ. ಸರಿಯಾದ ಪ್ರಶ್ನೆಗೆ ಸಂಬಂಧಿಸದ ಅಂಕಿಯು ಸತ್ಯವಾಗಿದ್ದರೂ ವರದಿಯಲ್ಲಿ ಹುಸಿಯ ಕೆಲಸವನ್ನೇ ಮಾಡುತ್ತದೆ. ಹಾಗೆಯೇ ಕಂಡದ್ದು, ಕೇಳಿದ್ದು, ಊಹಿಸಿದ್ದು ಈ ಮೂರನ್ನು ಬೆರೆಸಬೇಡಿ. ಛಾವಣಿ ಸೋರುವುದನ್ನು ನೀವು ಕಂಡಿದ್ದರೆ ಕಂಡೆನೆಂದು ಬರೆಯಿರಿ; ಹಮಾಲರು ಹೇಳಿದ್ದರೆ ಹಮಾಲರು ಹೇಳಿದರೆಂದು; ಮುಂದಿನ ವರ್ಷ ಆವಕ ಹೆಚ್ಚೀತೆಂಬುದು ನಿಮ್ಮ ಅಭಿಪ್ರಾಯವಾದರೆ ಅಭಿಪ್ರಾಯವೆಂದು. ನಿಮ್ಮ ಬರಹವನ್ನು ಓದುವವರು ಇಂದಿನ ಮಂಡಳಿಯವರು ಮಾತ್ರವಲ್ಲ. ನಾಳೆಯ ಲೆಕ್ಕಪರಿಶೋಧಕನೂ ಓದುತ್ತಾನೆ. ಸರ್ಕಾರಿ ಕಚೇರಿಗಳಲ್ಲಂತೂ 2005ರ ಮಾಹಿತಿ ಹಕ್ಕು ಅಧಿನಿಯಮ ಬಂದ ಮೇಲೆ, ಒಳಗಿನ ಕಣ್ಣಿಗೆಂದೇ ಬರೆದ ಟಿಪ್ಪಣಿಯ ಹಾಳೆಯೂ ನಾಗರಿಕನ ಕೈಗೆ ಬರಬಹುದಾಗಿದೆ.

ಕಾರ್ಯದರ್ಶಿ: ಇಷ್ಟು ಎಚ್ಚರದಿಂದ ಬರೆದರೂ ಓದದವನನ್ನು ಏನು ಮಾಡುವುದು? ತಾವು ಹೊಣೆಯೆಲ್ಲವನ್ನೂ ಬರೆಯುವವನ ತಲೆಯ ಮೇಲೆಯೇ ಹೊರಿಸುತ್ತಿರುವಂತೆ ತೋರುತ್ತದೆ.

ಹಿರಿಯರು: ಹೊರಿಸಲು ಕಾರಣವಿದೆ. 1977ರ ಸೆಪ್ಟೆಂಬರ್ 24ರಂದು ಅಮೆರಿಕದ ಒಹಾಯೊ ರಾಜ್ಯದ ಡೇವಿಸ್-ಬೆಸ್ ಎಂಬ ಅಣುವಿದ್ಯುತ್ ಸ್ಥಾವರದಲ್ಲಿ ಒತ್ತಡವನ್ನು ಬಿಡುವ ಕವಾಟವೊಂದು ತೆರೆದುಕೊಂಡು ಮುಚ್ಚದೆ ನಿಂತಿತು. ಒಳಗಿನ ನೀರು ಸೋರಿಹೋಗುತ್ತಿದ್ದರೂ ಮಾಪಕವು ನೀರು ಏರಿದಂತೆ ತೋರಿಸಿದ್ದರಿಂದ, ತಾನಾಗಿಯೇ ಹರಿಯತೊಡಗಿದ್ದ ತುರ್ತಿನ ನೀರನ್ನು ಅಲ್ಲಿನವರು ನಿಲ್ಲಿಸಿಬಿಟ್ಟರು. ಸ್ಥಾವರವು ಆಗ ಅತ್ಯಲ್ಪ ಶಕ್ತಿಯಲ್ಲಿ ನಡೆಯುತ್ತಿತ್ತಾಗಿ ಅನರ್ಥವಾಗಲಿಲ್ಲ. ಸ್ಥಾವರವನ್ನು ರಚಿಸಿದ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಸಂಸ್ಥೆಯ ಎಂಜಿನಿಯರೊಬ್ಬನು ಆ ನವೆಂಬರಿನಲ್ಲಿ ಒಳಪತ್ರವೊಂದನ್ನು ಬರೆದ; ಗಿರಾಕಿಗಳಿಗೆ ನಾವು ಕೊಡುತ್ತಿರುವ ಮಾರ್ಗದರ್ಶನ ಬಹುಶಃ ಸಾಲದೇನೋ ಎಂಬ ಸಂಕೋಚದ ಧಾಟಿ ಅದರದು. ಸಂಕೋಚದಿಂದ ಬರೆದದ್ದಕ್ಕೆ ಅಷ್ಟೇ ತೂಕ ದೊರೆಯಿತು. 1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡಿನಲ್ಲಿ, ಅದೇ ಸಂಸ್ಥೆ ರಚಿಸಿದ ಸ್ಥಾವರದಲ್ಲಿ, ಅದೇ ಬಗೆಯ ಕವಾಟ ತೆರೆದೇ ನಿಂತು, ಅದೇ ರೀತಿಯಲ್ಲಿ ತುರ್ತಿನ ನೀರನ್ನು ಬಹುಮಟ್ಟಿಗೆ ತಡೆದುದರಿಂದ ಅಣುಗರ್ಭದ ಒಂದು ಭಾಗ ಕರಗಿಹೋಯಿತು.

ಕಾರ್ಯದರ್ಶಿ: ಈ ಕಥೆಯನ್ನು ನಾನೂ ಓದಿದ್ದೇನೆ, ಸ್ವಾಮಿ, ಆದರೆ ತಾವು ಅರ್ಧದಲ್ಲಿಯೇ ನಿಲ್ಲಿಸಿದಿರಿ. 1978ರ ಫೆಬ್ರವರಿಯಲ್ಲಿ ಅದೇ ಸಂಸ್ಥೆಯ ಇನ್ನೊಬ್ಬ ಎಂಜಿನಿಯರನು ಎರಡನೆಯ ಪತ್ರ ಬರೆದ. ಅದರಲ್ಲಿ ಸಂಕೋಚವಿರಲಿಲ್ಲ. ಇದು ಬಹಳ ಗಂಭೀರವಾದ ವಿಷಯವೆಂದೂ ಕೂಡಲೆ ಸರಿಪಡಿಸಬೇಕೆಂದೂ, ಸ್ಥಾವರದವರಿಗೆ ಯಾವ ಸೂಚನೆಯನ್ನು ಕೊಡಬೇಕೆಂದೂ ಬಿಡಿಸಿ ಹೇಳಿದ್ದ. ಆ ಪತ್ರವೂ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಯಿತು. ಆಗಸ್ಟಿನಲ್ಲಿ ಇನ್ನೊಬ್ಬನು ಅದರ ಮೇಲೆ ಪ್ರಶ್ನೆಗಳನ್ನೆತ್ತಿ ಮತ್ತೊಂದು ವಿಭಾಗಕ್ಕೆ ಬರೆದ. ಸಕಾಲದಲ್ಲಿ ಉತ್ತರ ಬರಲಿಲ್ಲ. ಅಪಘಾತದ ದಿನದವರೆಗೂ ಹೊಸ ಸೂಚನೆ ಸ್ಥಾವರಗಳಿಗೆ ಹೊರಡಲಿಲ್ಲ. ಕೆಮೆನಿಯವರ ವಿಚಾರಣಾ ಆಯೋಗವು ಈ ಪತ್ರಗಳನ್ನೆಲ್ಲ ಹೊರತೆಗೆದದ್ದು ಎಲ್ಲ ಮುಗಿದ ಮೇಲೆ. ಎರಡನೆಯವನು ತಾವು ಹೇಳಿದ ಧರ್ಮವನ್ನು ಪಾಲಿಸಿದ್ದನಲ್ಲವೆ? ಸ್ಪಷ್ಟ ಬರಹ ಅವನನ್ನೂ ಕಾಯಲಿಲ್ಲ, ಸ್ಥಾವರವನ್ನೂ ಕಾಯಲಿಲ್ಲ.

ಹಿರಿಯರು: ಒಪ್ಪಿದೆ. ಎರಡನೆಯ ಪತ್ರದ ವಿಷಯದಲ್ಲಿ ಬರೆದವನನ್ನು ದೂರುವಂತಿಲ್ಲ. ಅಪಾಯವೇನೆಂದು ಪತ್ರದಲ್ಲಿತ್ತು, ಪರಿಹಾರವೂ ಇತ್ತು. ಆದರೆ ಪ್ರಶ್ನೆಯೊಂದು ಎದ್ದಾಗ ಅದಕ್ಕೆ ಇಂಥವನು ಇಂಥ ದಿನದೊಳಗೆ ಉತ್ತರಿಸತಕ್ಕದ್ದೆಂಬ ನಿಯಮವನ್ನು ಒಂದು ಪತ್ರ ತಾನಾಗಿ ನಿರ್ಮಿಸಲಾರದು. ಅದನ್ನು ಸಂಸ್ಥೆ ನಿರ್ಮಿಸಬೇಕು.

ಕಾರ್ಯದರ್ಶಿ: ಹಾಗಾದರೆ ನಮ್ಮ ಗುಮಾಸ್ತರ ಕರಡನ್ನೂ ಬೇರೆ ಬಗೆಯಲ್ಲಿ ನೋಡಬೇಕಾಗುತ್ತದೆ. ಅವರು ಹೀಗೆ ಬರೆಯುವುದನ್ನು ಎಲ್ಲಿ ಕಲಿತರು? ಹಳೆಯ ಕಡತವನ್ನು ತೆರೆದು ಅಲ್ಲಿದ್ದ ಮಾದರಿಯನ್ನು ಇಳಿಸಿಕೊಂಡರು. ಆ ಮಾದರಿ ಏಕೆ ಉಳಿಯಿತು? ಹಾಗೆ ಬರೆದವರಿಗೆ ಎಂದೂ ಮೆಮೊ ಬರಲಿಲ್ಲವಾದುದರಿಂದ. ‘18ನೆಯ ತಾರೀಖು ಬರುವೆವು’ ಎಂದು ಅವರೇ ಬರೆದಿದ್ದರೆ, ನಿನಗೆ ಯಾರು ಅಧಿಕಾರ ಕೊಟ್ಟರೆಂದು ನಮ್ಮಲ್ಲಿ ಕೇಳುವವರು ನಾಲ್ವರಿದ್ದಾರೆ. ‘ಸೂಕ್ತ ಕ್ರಮ’ ಎಂದುದಕ್ಕೆ ಕೇಳುವವರು ಒಬ್ಬರೂ ಇಲ್ಲ.

ಹಿರಿಯರು: ಈ ಮಾತನ್ನು ನಾನು ಹೇಳಬೇಕಾಗಿತ್ತು, ನೀವು ಹೇಳಿದಿರಿ. ಸ್ಪಷ್ಟವಾಗಿ ಬರೆದು ತಪ್ಪಿದವನಿಗೆ ಶಿಕ್ಷೆ, ಮಸಕಾಗಿ ಬರೆದು ಏನೂ ಮಾಡದವನಿಗೆ ಬಡ್ತಿ ಎಂಬ ನಡವಳಿಕೆಯಿರುವ ಕಚೇರಿಯಲ್ಲಿ ಬರವಣಿಗೆಯ ತರಬೇತಿಯಿಂದ ಯಾವ ಫಲವೂ ಇಲ್ಲ. ಬರೆಯುವವನು ಕಟ್ಟುಬೀಳಲು ಸಿದ್ಧನಾಗಬೇಕಾದರೆ, ಅಷ್ಟು ನಿರ್ಧರಿಸುವ ಅಧಿಕಾರವೂ ಸದ್ಭಾವದಿಂದ ತಪ್ಪಿದಾಗ ತಿದ್ದಿಕೊಳ್ಳುವ ಅವಕಾಶವೂ ಅವನಿಗಿರಬೇಕು. ಗುಮಾಸ್ತರನ್ನು ತಿದ್ದುವ ಮೊದಲು, ವಜಾದ ವಿಷಯದಲ್ಲಿ ಎಷ್ಟರವರೆಗೆ ಅವರೇ ಬರೆಯಬಹುದು, ಎಲ್ಲಿಂದ ಮುಂದೆ ನಿಮ್ಮನ್ನು ಕೇಳಬೇಕು, ಎಲ್ಲಿಂದ ಮುಂದೆ ಅಧ್ಯಕ್ಷರನ್ನು ಕೇಳಬೇಕು ಎಂಬುದನ್ನು ನೀವೇ ಒಂದು ಹಾಳೆಯಲ್ಲಿ ಬರೆದುಕೊಡಿ. ಬಂದ ಪತ್ರಕ್ಕೆ ಉತ್ತರಿಸತಕ್ಕವರ ಹೆಸರನ್ನೂ ತಾರೀಖನ್ನೂ ಆವಕದ ವಹಿಯಲ್ಲಿಯೇ ಗುರುತುಮಾಡುವ ಪದ್ಧತಿಯನ್ನು ಹಾಕಿ.

ಕಾರ್ಯದರ್ಶಿ: ಹಾಳೆಯನ್ನು ಬರೆಯುತ್ತೇನೆ. ಆದರೆ ಹುಬ್ಬಳ್ಳಿಯ ಪತ್ರವನ್ನು ನಾನೇ ಬರೆದು ಸಹಿ ಹಾಕಿದರೆ ಗುಮಾಸ್ತರು ಕಲಿಯುವುದು ಒಂದು ಹೊಸ ಮಾದರಿಯನ್ನಷ್ಟೆ; ಅದನ್ನೂ ಕಡತಕ್ಕೆ ಸೇರಿಸಿ, ನಾಳೆ ಇನ್ನಾರದೋ ತಗಾದೆಗೆ 18ನೆಯ ತಾರೀಖನ್ನೇ ಇಳಿಸಿಕೊಂಡಾರು. ಅವರನ್ನೇ ಕರೆದು, ಮೇಲ್ವಿಚಾರಕರನ್ನು ಕೇಳಿಬರುವಂತೆ ಹೇಳಿ, ಇನ್ನೊಂದು ಕರಡನ್ನು ಬರೆಯಿಸುತ್ತೇನೆ.

ಹಿರಿಯರು: ಹಾಗೆ ಮಾಡಿ. ಆ ಕರಡಿನಲ್ಲಿ ಭಾಷೆ ಸ್ವಲ್ಪ ಒರಟಾಗಿದ್ದರೂ, ಮಾತಿಗೆ ಕರ್ತೃವೂ ತಾರೀಖೂ ಇದ್ದರೆ, ಮೇಲೆ ಕೈಯಾಡಿಸದೆ ಸಹಿ ಹಾಕಿ. ತಾರೀಖು ತಪ್ಪಿಹೋಗಿ ಯಾರಾದರೂ ಕೇಳಲು ಬಂದರೆ, ಆ ದಿನ ಸಹಿ ನಿಮ್ಮದೇ ಎಂಬುದನ್ನು ಗುಮಾಸ್ತರ ಎದುರಿನಲ್ಲಿಯೇ ಹೇಳಿ.